ಡಾಂಗಲ್ ಮಾಡಿನ ಮೇಲೆ, ವೈಫೈ ಮನೆಯೊಳಗೆ: ಕೆಲಸ ಎಲ್ಲಿಗೆ ಬಂತು

ಮಲೆನಾಡಿನ ಹೆಂಚಿನ ಮನೆ, ದಪ್ಪ ಮಣ್ಣಿನ ಗೋಡೆ, ಸುತ್ತ ಅಡಿಕೆ ತೋಟ. ಜಗಲಿಯಲ್ಲಿ 4ಜಿ ಡಾಂಗಲ್ (ಸಿಮ್ ಹಾಕಿ ಯುಎಸ್‌ಬಿಗೆ ಚುಚ್ಚುವ ಮೋಡೆಮ್) ತೋರಿಸುವ ಆರ್‌ಎಸ್‌ಆರ್‌ಪಿ (ಸಿಗ್ನಲ್‌ನ ಬಲ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು) −114, ಎಸ್‌ಐಎನ್‌ಆರ್ (ಗದ್ದಲದ ನಡುವೆ ಸಿಗ್ನಲ್ ಎಷ್ಟು ಸ್ಪಷ್ಟ, ಹೆಚ್ಚಿದ್ದಷ್ಟೂ ಒಳ್ಳೆಯದು) 1. ಅದೇ ಡಾಂಗಲ್ ಮಾಡಿನ ತುದಿಗೆ ಹೋದರೆ −97 ಮತ್ತು 12. ವೇಗ ನಿರ್ಧಾರವಾಗುವುದು ಇಲ್ಲೇ. ಒಳಗಿನ ರೌಟರ್ ಎಷ್ಟು ದುಬಾರಿಯದಾದರೂ ಈ ಅಂಕಿ ಬದಲಾಗುವುದಿಲ್ಲ.

ಆಂಟೆನಾ ಮಾತ್ರ ಮೇಲಿಟ್ಟು ಅದರ ಸಿಗ್ನಲ್ ಒಯ್ಯುವ ಆರ್‌ಜಿ58 ಕೇಬಲ್ ಕೆಳಗಿಳಿಸುವ ಯೋಚನೆಯನ್ನು ಕೈಬಿಟ್ಟಾಯಿತು. 1800 ಮೆಗಾಹರ್ಟ್ಸ್‌ನಲ್ಲಿ ಆ ಕೇಬಲ್ ಮೀಟರಿಗೆ ಮುಕ್ಕಾಲು ಡಿಬಿಗಿಂತ (ಡೆಸಿಬೆಲ್, ಸಿಗ್ನಲ್‌ನ ಏರಿಳಿತದ ಅಳತೆ) ಹೆಚ್ಚು ನುಂಗುತ್ತದೆ. ಮೇಲೆ ಗಳಿಸಿದ್ದು 17 ಡಿಬಿ, 30 ಮೀಟರ್ ಇಳಿಯುವಷ್ಟರಲ್ಲಿ ಕಳೆಯುವುದು 22ಕ್ಕೂ ಹೆಚ್ಚು. ಈಥರ್ನೆಟ್ ಕೇಬಲ್‌ಗೆ 100 ಮೀಟರ್‌ವರೆಗೆ ಈ ತೊಂದರೆಯೇ ಇಲ್ಲ. ಹಾಗಾಗಿ ಡಾಂಗಲ್ ಮತ್ತು ಓಪನ್‌ಡಬ್ಲ್ಯುಆರ್‌ಟಿ (ರೌಟರ್‌ಗಳ ಮುಕ್ತ ತಂತ್ರಾಂಶ) ಹಾಕಿದ ಸಣ್ಣ ರೌಟರ್ ಎರಡೂ ಮೇಲೆಯೇ, ಪ್ಲಾಸ್ಟಿಕ್ ಜಂಕ್ಷನ್ ಬಾಕ್ಸ್‌ನಲ್ಲಿ. ತಗಡಿನ ಪೆಟ್ಟಿಗೆ ಬೇಡ, ಸಿಗ್ನಲ್ ಒಳಗೆ ಬರುವುದಿಲ್ಲ. ಕೇಬಲ್ ಪೆಟ್ಟಿಗೆಯ ತಳದಿಂದಲೇ ಒಳಹೋಗಬೇಕು, ಅದಕ್ಕೂ ಮೊದಲು ಸ್ವಲ್ಪ ಜೋತುಬಿದ್ದಿರಬೇಕು. ಇಲ್ಲದಿದ್ದರೆ ಆಷಾಢದ ಮಳೆ ಕೇಬಲ್ ಹಿಡಿದುಕೊಂಡೇ ರೌಟರ್‌ಗೆ ಇಳಿಯುತ್ತದೆ.

ಹೆಚ್ಚು ಸತಾಯಿಸಿದ್ದು ವಿದ್ಯುತ್. ವಿಡಿಯೊ ಕರೆ ಅಥವಾ ದೊಡ್ಡ ಅಪ್‌ಲೋಡ್ ಶುರುವಾದ ತಕ್ಷಣ ಡಾಂಗಲ್ ಮಾಯವಾಗಿ, ಅರ್ಧ ನಿಮಿಷದಲ್ಲಿ ಮರಳುತ್ತಿತ್ತು. ರೌಟರ್‌ನ ಲಾಗ್‌ನಲ್ಲಿ ಯುಎಸ್‌ಬಿ ಕಡಿತದ ಸಾಲು. ಟವರ್ ದೂರವಿದ್ದಾಗ ಡಾಂಗಲ್ ಪೂರ್ಣ ಶಕ್ತಿಯಲ್ಲಿ ಪ್ರಸಾರ ಮಾಡುತ್ತದೆ, ಆ ಕ್ಷಣದಲ್ಲಿ ಕರೆಂಟ್ ಏರುತ್ತದೆ. ಕೆಳಗಿನಿಂದ 12 ವೋಲ್ಟ್ ಕಳಿಸಿದರೆ ಅದೇ ಈಥರ್ನೆಟ್ ಕೇಬಲ್‌ನ (ಕ್ಯಾಟ್5ಇ) ಎರಡು ಜೋಡಿಯಲ್ಲಿ 30 ಮೀಟರಿಗೆ ಹೋಗಿಬರುವ ರೋಧ ಸುಮಾರು 2.5 ಓಮ್, 1 ಆಂಪಿಯರ್ ಎಳೆದಾಗ ಮೇಲೆ ತಲುಪುವುದು ಒಂಬತ್ತೂವರೆ ವೋಲ್ಟ್ ಮಾತ್ರ. ಈಗ 24 ವೋಲ್ಟ್ ಅಡಾಪ್ಟರ್ ಕೆಳಗೆ, ಅದನ್ನು 12ಕ್ಕೆ ಇಳಿಸುವ ಬಕ್ ಕನ್ವರ್ಟರ್ ಮೇಲೆ. ಅಷ್ಟೇ ವಾಟ್‌ಗೆ ಕರೆಂಟ್ ಅರ್ಧಕ್ಕಿಳಿದು ತಂತಿಯಲ್ಲಿ ಕಳೆಯುವುದು ಒಂದು ವೋಲ್ಟ್ ಆಸುಪಾಸು. ಕಡಿತ ನಿಂತಿದೆ. ಕೇಬಲ್ ಕೊಳ್ಳುವಾಗ ಪೂರ್ತಿ ತಾಮ್ರದ್ದೇ ಕೇಳಿ. ತಾಮ್ರದ ಲೇಪವಿರುವ ಅಲ್ಯುಮಿನಿಯಂ ತಂತಿ ಅಗ್ಗ, ಆದರೆ ರೋಧ ಒಂದೂವರೆ ಪಟ್ಟು. ಈ ರೀತಿ 4, 5, 7, 8ನೇ ಎಳೆಗಳಲ್ಲಿ ವಿದ್ಯುತ್ ಕಳಿಸಿದರೆ ಡೇಟಾಗೆ 1, 2, 3, 6 ಮಾತ್ರ ಉಳಿಯುತ್ತವೆ, ಅಂದರೆ ಮಿತಿ 100 ಎಂಬಿಪಿಎಸ್. ಇಲ್ಲಿನ 4ಜಿಗೆ ಅದು ಧಾರಾಳ.

ಸೆಟ್ಟಿಂಗ್ ಕಡೆ ಕೆಲಸ ಕಡಿಮೆ. ಹೈಲಿಂಕ್ ಮಾದರಿಯ ಡಾಂಗಲ್ ತನ್ನನ್ನು ಈಥರ್ನೆಟ್ ಕಾರ್ಡ್ ಎಂದೇ ತೋರಿಸಿಕೊಳ್ಳುತ್ತದೆ: ಯುಎಸ್‌ಬಿ-ಮೋಡ್‌ಸ್ವಿಚ್ ಮತ್ತು ಸಿಡಿಸಿ-ಈಥರ್ ಪ್ಯಾಕೇಜ್ ಹಾಕಿ, ಹೊಸದಾಗಿ ಬಂದ ಇಟಿಎಚ್1 ಅನ್ನು ಡಿಎಚ್‌ಸಿಪಿ ಕ್ಲೈಂಟ್ (ವಿಳಾಸವನ್ನು ತಾನಾಗಿ ಪಡೆಯುವಂಥದ್ದು) ಆಗಿ ವ್ಯಾನ್ (ಇಂಟರ್ನೆಟ್ ಕಡೆಯ) ವಲಯಕ್ಕೆ ಸೇರಿಸಿದರೆ ಸಾಕು. ಡಾಂಗಲ್ 192.168.8.1, ರೌಟರ್ 192.168.1.1; ಎರಡೂ ಬೇರೆ ಬೇರೆ ಜಾಲದಲ್ಲಿರಲಿ. ಮನೆಯೊಳಗಿನ ಹಳೆಯ ರೌಟರ್ ಈಗ ವೈಫೈ ಹಂಚಲು ಮಾತ್ರ: ವಿಳಾಸ 192.168.1.2, ಡಿಎಚ್‌ಸಿಪಿ ಬಂದ್, ಮೇಲಿನಿಂದ ಬಂದ ಕೇಬಲ್ ಲ್ಯಾನ್ (ಮನೆಯೊಳಗಿನ ಜಾಲದ) ಪೋರ್ಟ್‌ಗೆ. ಅದನ್ನು ವ್ಯಾನ್ ಪೋರ್ಟ್‌ಗೆ ಚುಚ್ಚಿದರೆ ಇನ್ನೊಂದು ನ್ಯಾಟ್ (ಹಲವು ಸಾಧನಗಳನ್ನು ಒಂದೇ ವಿಳಾಸದ ಹಿಂದೆ ಅಡಗಿಸುವ ವ್ಯವಸ್ಥೆ) ಸೇರಿಕೊಂಡು, ಮೇಲಿನ ರೌಟರ್‌ಗೆ ಜೋಡಿಸಿದ ಸಾಧನದಿಂದ ಒಳಗಿನ ಪ್ರಿಂಟರ್ ಕಾಣುವುದಿಲ್ಲ.

ಒಬ್ಬರು ಫೋಟೊ ಅಪ್‌ಲೋಡ್ ಮಾಡಿದರೆ ಉಳಿದವರ ಕರೆ ತೊದಲುತ್ತಿದ್ದುದಕ್ಕೆ ಎಸ್‌ಕ್ಯೂಎಮ್ ಪ್ಯಾಕೇಜಿನ ಕೇಕ್ (ವೇಗವನ್ನು ಮಿತಿಯೊಳಗಿಟ್ಟು ಎಲ್ಲರಿಗೂ ಹಂಚುವ ವಿಧಾನ) ಹಾಕಲಾಗಿದೆ. ಮೊಬೈಲ್ ವೇಗ ಗಂಟೆಗಂಟೆಗೆ ಬದಲಾಗುವುದರಿಂದ ಬೆಳಗಿನ ಗರಿಷ್ಠ ವೇಗ ನಂಬಬೇಡಿ. ಸಂಜೆ ಜನಜಂಗುಳಿಯ ಹೊತ್ತಿನಲ್ಲಿ ಸಿಗುವ ವೇಗ ಅಳೆದು ಅದರ ಶೇ. 85ರಷ್ಟನ್ನು ಕೇಕ್‌ಗೆ ಮಿತಿಯಾಗಿ ಕೊಡಿ.

ತೋಟದ ಕ್ಯಾಮೆರಾವನ್ನು ಹೊರಗಿನಿಂದ ನೋಡುವುದು ಪೋರ್ಟ್ ಫಾರ್ವರ್ಡ್‌ನಿಂದ (ಹೊರಗಿನ ಕೋರಿಕೆಯನ್ನು ಒಳಗಿನ ಸಾಧನಕ್ಕೆ ತಲುಪಿಸುವ ಸೆಟ್ಟಿಂಗ್) ಆಗದು. ಡಾಂಗಲ್‌ಗೆ ಸಿಗುವ ವಿಳಾಸ 100.64ರಿಂದ 100.127ರೊಳಗಿದ್ದರೆ ಅದು ಮೊಬೈಲ್ ಕಂಪನಿಯ ನ್ಯಾಟ್ ಹಿಂದಿದೆ, ಹೊರಗಿನಿಂದ ನೇರವಾಗಿ ತಲುಪಲಾಗದು ಎಂದರ್ಥ. ಹಾಗಾಗಿ ರೌಟರ್‌ನಿಂದಲೇ ಹೊರಗಿನ ಸರ್ವರ್‌ಗೆ ವೈರ್‌ಗಾರ್ಡ್ (ಗೂಢಲಿಪಿಯ ವಿಪಿಎನ್) ಸುರಂಗ, ಕೀಪ್‌ಅಲೈವ್ (ಸಂಪರ್ಕ ಜೀವಂತವಿಡುವ ಸಂದೇಶ) 25 ಸೆಕೆಂಡಿಗೊಮ್ಮೆ. ಕ್ಯಾಮೆರಾ ಕಾಣುತ್ತಿದೆ.

ಬಾಕಿ ಇರುವುದು ಸಿಡಿಲಿನ ರಕ್ಷಣೆ. ಸರ್ಜ್ ಪ್ರೊಟೆಕ್ಟರ್ ತಂದಿದೆ, ಆದರೆ ಸರಿಯಾದ ಅರ್ಥಿಂಗ್ ಇಲ್ಲದೆ ಅದರಿಂದ ಪ್ರಯೋಜನವಿಲ್ಲ, ಮುರಕಲ್ಲಿನ ನೆಲವೋ ಬೇಸಿಗೆಯಲ್ಲಿ ಒಣಗಿ ಕರೆಂಟ್ ಹಿಡಿಯುವುದಿಲ್ಲ. ಬಚ್ಚಲ ನೀರು ಹರಿಯುವ ಕಡೆ ಗುಂಡಿ ತೋಡಿ ಇದ್ದಿಲು, ಉಪ್ಪು ತುಂಬುವ ಕೆಲಸ ಮುಂದಿನದು. ಅದು ಮುಗಿಯುವವರೆಗೆ ಗುಡುಗು ಕೇಳಿದ ಕೂಡಲೇ 24 ವೋಲ್ಟ್ ಅಡಾಪ್ಟರ್ ಮತ್ತು ಮಾಡಿನಿಂದ ಬಂದ ಕೇಬಲ್ ಎರಡನ್ನೂ ಕೀಳಬೇಕು. ಒಂದನ್ನೇ ಕಿತ್ತರೆ ಸಾಲದು.