ಬಾವಿಗೂ ನಾಲ್ಕು ಹನಿ

ನಮ್ಮ ಮನೆಯ ದೇವರ ಗೂಡಿನಲ್ಲಿ ಒಂದು ಹಳೇ ಕೆಮ್ಮಿನ ಔಷಧಿ ಬಾಟಲಿ ಇದೆ. ಅದರಲ್ಲಿರುವುದು ಕಾವೇರಿ ತೀರ್ಥ. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತುಲಾ ಸಂಕ್ರಮಣಕ್ಕೆ ತಲಕಾವೇರಿಯಿಂದ ತಂದ ತೀರ್ಥ ವರ್ಷವಿಡೀ ಮನೆಯಲ್ಲಿರುತ್ತದೆ. ಯಾರಿಗಾದರೂ ಕೊನೆಗಾಲ ಬಂದರೆ ಬಾಯಿಗೆ ಎರಡು ಹನಿ ಬಿಡುತ್ತಾರೆ.

ಎರಡು ವರ್ಷದ ಹಿಂದೆ ಆ ಬಾಟಲಿ ನನ್ನನ್ನು ಹುಡುಕಿಕೊಂಡು ಆಸ್ಪತ್ರೆಗೆ ಬಂದಿತ್ತು.

ಆಗ ಜುಲೈ. ಸಂಪಾಜೆ ಘಾಟಿಯಲ್ಲಿ ಜಡಿಮಳೆ. ಜೋಡುಪಾಲದ ಹತ್ತಿರ ಲಾರಿಗೆ ದಾರಿ ಬಿಡಲು ಹೋಗಿ ಬೈಕು ಕೆಸರಿಗೆ ಜಾರಿತು. ತೊಡೆಯ ಮೂಳೆ ಎರಡು ತುಂಡು. ಬಾಳೆಗೊನೆ ಹೇರಿಕೊಂಡು ಹೋಗುತ್ತಿದ್ದ ಪಿಕಪ್‌ನವರು ಗೊನೆಗಳ ನಡುವೆಯೇ ಮಲಗಿಸಿ ಸುಳ್ಯಕ್ಕೆ ಮುಟ್ಟಿಸಿದರು. ಅವರ ಹೆಸರು ಇವತ್ತಿಗೂ ಗೊತ್ತಿಲ್ಲ. ಅಲ್ಲಿಂದ ಮಂಗಳೂರು. ಆಪರೇಷನ್‌ಗೆ ಮೊದಲು ಬಾಯಿಗೆ ಏನೂ ಹಾಕಬೇಡಿ ಎಂದು ನರ್ಸ್ ಹೇಳಿದ್ದರು. ಅವ್ವ ಹತ್ತಿಯನ್ನು ತೀರ್ಥದಲ್ಲಿ ಅದ್ದಿ ನನ್ನ ತುಟಿಗೆ ಒರೆಸಿದಳು. ನನಗೆ ಎಚ್ಚರವಿತ್ತು. ಬಾಟಲಿಯ ಗುರುತೂ ಸಿಕ್ಕಿತು. ಓಹೋ, ಅವ್ವ ನನ್ನ ಆಸೆ ಬಿಟ್ಟಳು ಅಂದುಕೊಂಡೆ.

ರಾಡ್ ಹಾಕಿದರು. ಎಂಟು ತಿಂಗಳಾದ ಮೇಲೆ ಎಕ್ಸ್‌ರೇ ನೋಡಿ ಡಾಕ್ಟರು, 'ಮೂಳೆ ಚೆನ್ನಾಗಿ ಕೂಡಿದೆ' ಅಂದರು. ಮೂಳೆಯ ಮಟ್ಟಿಗೆ ಅದು ನಿಜವೇ. ಆದರೆ ಮಂಡಿ ಪೂರ್ತಿ ಮಡಚುವುದಿಲ್ಲ. ನೆಲದ ಮೇಲೆ ಎಲೆ ಹಾಕಿ ಉಣ್ಣಲು ಕೂರುವ ಹಾಗಿಲ್ಲ. ಹಿರಿಯರ ಕಾಲು ಮುಟ್ಟಬೇಕಾದರೆ ಗೋಡೆ ಹಿಡಿಯಬೇಕು. ದೇವರಿಗೆ ಅಡ್ಡ ಬೀಳುವುದಂತೂ ದೂರದ ಮಾತು. ರಾತ್ರಿ ಶೀಟಿನ ಮೇಲೆ ಮಳೆ ಜೋರಾದರೆ ಎದ್ದು ಕೂರುತ್ತಿದ್ದೆ. ಲಾರಿ ಹಾರನ್ ಕೇಳಿದರೆ ಅಂಗೈ ಬೆವರುತ್ತಿತ್ತು. ದೇವರ ಕೋಣೆಗೆ ಹೋಗುವುದನ್ನೇ ಬಿಟ್ಟೆ. ದೇವರ ಮೇಲೆ ಸಿಟ್ಟು ಅಂತೇನಲ್ಲ. ಆ ಬಾಟಲಿ ಅಲ್ಲಿತ್ತಲ್ಲ.

ಈ ಸಲ ಸಂಕ್ರಮಣ ಹತ್ತಿರ ಬಂದಾಗ ಕೇಳಿಯೇಬಿಟ್ಟೆ. ಅವ್ವ ಅಡಿಕೆ ಸುಲಿಯುತ್ತಿದ್ದಳು.

'ಅವತ್ತು ನಾನು ಸಾಯ್ತೇನೆ ಅಂದ್ಕೊಂಡಿದ್ಯಾ?'

ಅವಳ ಕೈ ನಿಲ್ಲಲಿಲ್ಲ. 'ತೀರ್ಥ ತಂದಾಗ ಬಾವಿಗೂ ನಾಲ್ಕು ಹನಿ ಹಾಕುದಿಲ್ವಾ ಮಗ? ಬಾವಿ ಸಾಯ್ಲಿ ಅಂತ ಹಾಕುದಾ?'

ನನಗೆ ಉತ್ತರ ಹೊಳೆಯಲಿಲ್ಲ. ಬಾಟಲಿ ತೊಳೆದು ಬಿಸಿಲಿಗೆ ಇಟ್ಟೆ.

ತೀರ್ಥೋದ್ಭವದ ದಿನವೇ ಹೋಗುವುದು ನನ್ನ ಕಾಲಿಗೆ ಆಗುವ ಮಾತಲ್ಲ. ಅಕ್ಟೋಬರ್ 17ಕ್ಕೋ 18ಕ್ಕೋ ಸೂರ್ಯ ತುಲಾ ರಾಶಿಗೆ ಬರುವ ಗಳಿಗೆ ನಡುರಾತ್ರಿಯಾದರೂ ಸರಿ, ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕಿರು ಸಂಕ್ರಮಣದವರೆಗೆ ಒಂದು ತಿಂಗಳು ಜಾತ್ರೆ ಇದೆಯಲ್ಲ, ಹತ್ತು ದಿನ ಬಿಟ್ಟು ಭಾವನ ಜೀಪಿನಲ್ಲಿ ಹೊರಟೆವು.

ಮೊದಲು ಭಾಗಮಂಡಲ. ಸಂಗಮದಲ್ಲಿ ಅವ್ವ ಮುಳುಗು ಹಾಕಿದಳು, ನಾನು ಮೆಟ್ಟಿಲ ಮೇಲೆ ನಿಂತು ತಲೆಗೆ ನೀರು ಚಿಮುಕಿಸಿಕೊಂಡೆ. ಕಾವೇರಿ, ಕನ್ನಿಕೆ ಕಣ್ಣಿಗೆ ಕಾಣುತ್ತಾರೆ. ಮೂರನೆಯವಳು ಸುಜ್ಯೋತಿ, ಗುಪ್ತಗಾಮಿನಿ. ಆದರೂ ಅವಳನ್ನು ಸೇರಿಸಿಯೇ ತ್ರಿವೇಣಿ ಅನ್ನುತ್ತೇವೆ. ಕಾಣದ ಹೊಳೆಗೂ ಲೆಕ್ಕದಲ್ಲಿ ಜಾಗ ಕೊಟ್ಟ ಊರು. ಎಕ್ಸ್‌ರೇಯಲ್ಲಿ ಕಾಣದ ನೋವಿಗೂ ಇಷ್ಟು ಮರ್ಯಾದೆ ಸಿಕ್ಕಿದ್ದರೆ ಅಂತ ಸುಮ್ನೆ ಒಂದು ಯೋಚನೆ ಬಂತು.

ಭಗಂಡೇಶ್ವರನಿಗೆ ಕೈಮುಗಿದು ಮೇಲಕ್ಕೆ ಎಂಟು ಕಿಲೋಮೀಟರ್. ತಲಕಾವೇರಿಯಲ್ಲಿ ಮಂಜು. ಎದುರಿನ ಬೆಟ್ಟವೇ ಇಲ್ಲ. ಮೆಟ್ಟಿಲು ಹತ್ತುವಾಗ ಅವ್ವನ ಬಾಯಲ್ಲಿ ಕಾವೇರಮ್ಮೆಯ ಹೆಸರು. ನನ್ನ ಬಾಯಲ್ಲಿ ಫಿಸಿಯೋಥೆರಪಿಯವರು ಕಲಿಸಿದ ಮಾತು: ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಪೆಟ್ಟಾದ ಕಾಲು ಮೊದಲು. ಅದನ್ನೇ ಜಪದ ಹಾಗೆ ಹೇಳಿಕೊಂಡು ಹತ್ತಿದೆ. ಕಾವೇರಮ್ಮೆಗೆ ಬೇಜಾರಾಗಿರಲಿಕ್ಕಿಲ್ಲ.

ಕಾವೇರಿ ಹುಟ್ಟುವ ಕುಂಡಿಕೆ ತೀರಾ ಸಣ್ಣ ಕೊಳ. ಮೊದಲ ಸಲ ಬಂದವರು ಇಷ್ಟೇನಾ ಅನ್ನುತ್ತಾರೆ. ಅಗಸ್ತ್ಯರ ಕಮಂಡಲದಿಂದ ಹರಿದುಹೋದವಳು ವರ್ಷಕ್ಕೊಮ್ಮೆ ಇಲ್ಲಿ ಉಕ್ಕುತ್ತಾಳೆ ಅಂತ ನಮ್ಮ ನಂಬಿಕೆ. ಎಲ್ಲರೂ ಅಡ್ಡ ಬಿದ್ದರು. ನಾನು ನಿಂತೇ ಇದ್ದೆ. ನಾಚಿಕೆ ಆಯಿತು. ಭಟ್ಟರು ಏನೂ ಕೇಳದೆ ಅಂಗೈಗೆ ತೀರ್ಥ ಹಾಕಿದರು. ಅವತ್ತು ತುಟಿಗೆ ಮಾತ್ರ ತಾಗಿದ್ದನ್ನು ಇವತ್ತು ಕುಡಿದೆ. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು. ಬಾಟಲಿಯನ್ನು ನಾನೇ ಒಡ್ಡಿ ತುಂಬಿಸಿಕೊಂಡೆ.

ವಾಪಸ್ ಬರುವಾಗ ಜೋಡುಪಾಲದ ತಿರುವು. ಹೆದರಿಕೆ ಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಕಣ್ಣು ಮುಚ್ಚಿಕೊಂಡಿದ್ದೆ. ಬಾಟಲಿ ತೊಡೆಯ ಮೇಲಿತ್ತು, ರಾಡ್ ಇರುವ ಕಡೆಯೇ. ಭಾವ ಯಾಕೋ ಹಾರನ್ ಹೊಡೆಯದೆ ನಿಧಾನಕ್ಕೆ ತಿರುಗಿಸಿದ.

ಮನೆ ಮುಟ್ಟುವಾಗ ಕತ್ತಲಾಗಿತ್ತು. ಅವ್ವ ಟಾರ್ಚ್ ಹಿಡಿದಳು. ನಾನು ಬಾವಿಕಟ್ಟೆಗೆ ಕೈ ಊರಿ ಬಗ್ಗಿ ನಾಲ್ಕು ಹನಿ ಬಿಟ್ಟೆ. ಐದನೆಯದೂ ಬಿತ್ತು.

'ಸಾಕು, ಮುಚ್ಚಳ ಹಾಕು' ಅಂದಳು.