ನಾಲ್ಕು ಹೆಂಗಸರು, ಒಂದು ಪಾವು: ನಮ್ಮ ಅಡುಗೆಮನೆಯ ಕ್ಯಾಲೊರಿ ಲೆಕ್ಕ ಎಲ್ಲಿಗೆ ಬಂತು

ಕೆಲಸ ಇಷ್ಟೇ. ನಮ್ಮ ಅಡುಗೆ ತಿನ್ನುವ ನಾಲ್ಕು ಹೆಂಗಸರಿಗೆ ಆರೋಗ್ಯವಾದ ತೂಕ ಉಳಿಸಿಕೊಳ್ಳಲು ದಿನಕ್ಕೆ ಎಷ್ಟು ಕ್ಯಾಲೊರಿ ಬೇಕು ಅಂತ ಲೆಕ್ಕ ಹಾಕಬೇಕು. ಆಮೇಲೆ ಅದನ್ನು ಗ್ರಾಂ ಬದಲು ನಮ್ಮದೇ ಪಾವು, ಸೌಟು, ಲೋಟದ ಅಳತೆಯಲ್ಲಿ ಬರೆದಿಡಬೇಕು. ನಾಲ್ವರು ಅಂದರೆ ಅತ್ತೆ, ನಾನು, ಮಗಳು, ಮತ್ತೆ ಮನೆಗೆಲಸಕ್ಕೆ ಬರುವ ಅಕ್ಕ. ತ್ಯಾಗರಾಜನಗರದ ಸಣ್ಣ ಅಡುಗೆಮನೆ ನಮ್ಮದು. ಸಾಮಾನು ಅಂತ ಬೇಕಾಗಿದ್ದು ಒಂದು ತೂಕದ ಮೆಷಿನ್, ಒಂದು ನೋಟ್‌ಬುಕ್.

ಇದಕ್ಕೆ ಕಾರಣ ಒಂದು ಡಯಟ್ ಚಾರ್ಟ್. ಮಗಳು ಕಾಲೇಜಿನ ಖೋ-ಖೋ ತಂಡದಲ್ಲಿದ್ದಾಳೆ. ಹತ್ತಿರದ ಒಂದು ಜಿಮ್‌ನಲ್ಲಿ ಅವಳಿಗೆ ಕೊಟ್ಟ ಹಾಳೆಯಲ್ಲಿ ದಿನಕ್ಕೆ 1,200 ಕ್ಯಾಲೊರಿ ಅಂತ ಇತ್ತು. ಅಲ್ಲಿಗೆ ಬರುವ ಹೆಂಗಸರಿಗೆಲ್ಲ ಅದೇ ಹಾಳೆ. ಇಪ್ಪತ್ತರ ಹುಡುಗಿಗೂ ಅಷ್ಟೇ, ಅವಳ ಅಜ್ಜಿ ಹೋದರೂ ಅಷ್ಟೇ ಅಂದರೆ ಹೇಗೆ? ನನಗೆ ಸಮಾಧಾನ ಆಗಲಿಲ್ಲ.

ಅಂಕಿ ಎಲ್ಲಿಂದ ಬರುತ್ತೆ

ನಮ್ಮ ದೇಶದ ಅಂಕಿ ಬೇಕು ಅಂದರೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ನೋಡಬೇಕು. 2020ರ ಅವರ ವರದಿಯಲ್ಲಿ 55 ಕೆಜಿ ತೂಕದ ಹೆಂಗಸನ್ನು ಮಾದರಿಯಾಗಿ ಇಟ್ಟುಕೊಂಡಿದ್ದಾರೆ. ಕೂತು ಮಾಡುವ ಕೆಲಸಕ್ಕೆ 1,660, ಮಧ್ಯಮ ಶ್ರಮಕ್ಕೆ 2,130, ಭಾರಿ ಶ್ರಮಕ್ಕೆ 2,720 ಕ್ಯಾಲೊರಿ. 2010ರ ವರದಿಯಲ್ಲಿ ಕೂತು ಮಾಡುವ ಕೆಲಸಕ್ಕೆ 1,900 ಇತ್ತು. ಹತ್ತು ವರ್ಷದಲ್ಲಿ 240 ಇಳಿಸಿದ್ದಾರೆ. ಹಳೆಯ ಪುಸ್ತಕ ನೋಡಿ ಊಟ ಬಡಿಸುವವರು ಇದನ್ನು ಗಮನಿಸಬೇಕು. ಬಸುರಿಯರಿಗೆ ಇದರ ಮೇಲೆ 350 ಜಾಸ್ತಿ ಬೇಕು. ಹಾಲೂಡಿಸುವವರಿಗೆ ಮೊದಲ ಆರು ತಿಂಗಳು 600, ಆಮೇಲಿನ ಆರು ತಿಂಗಳು 520 ಜಾಸ್ತಿ.

ಇದರ ಒಳಲೆಕ್ಕ ಸುಲಭ. ಸುಮ್ನೆ ಮಲಗಿದ್ದರೂ ಉಸಿರಾಟ, ಹೃದಯ, ಮೆದುಳು, ಮೈಬಿಸಿ ಅಂತ ದೇಹ ಖರ್ಚು ಮಾಡುತ್ತಲೇ ಇರುತ್ತೆ. ಅದು ತಳದ ಖರ್ಚು. ಅದನ್ನು ಕೂತ ಕೆಲಸಕ್ಕೆ 1.4ರಿಂದ, ಮಧ್ಯಮಕ್ಕೆ 1.8ರಿಂದ, ಭಾರಿಗೆ 2.3ರಿಂದ ಗುಣಿಸಿದರೆ ದಿನದ ಒಟ್ಟು ಸಿಗುತ್ತೆ. 1,660ನ್ನು 1.4ರಿಂದ ಭಾಗಿಸಿ ನೋಡಿ, ಸುಮಾರು 1,185 ಬರುತ್ತೆ. ಐವತ್ತೈದು ಕೆಜಿಯ ಹೆಂಗಸಿನ ತಳದ ಖರ್ಚೇ ಅಷ್ಟಿದೆ! ಆ ಜಿಮ್ಮಿನ 1,200 ಇದಕ್ಕಿಂತ ಒಂದು ಬಿಸ್ಕತ್ತಿನಷ್ಟು ಮೇಲೆ.

ಆದರೆ ನಮ್ಮಲ್ಲಿ ಯಾರೂ ಸರಿಯಾಗಿ 55 ಕೆಜಿ ಇಲ್ಲ. ಅದಕ್ಕೆ ಒಬ್ಬೊಬ್ಬರದೂ ಬೇರೆ ಮಾಡಲು ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರ ಹಿಡಿದೆ. 1990ರಲ್ಲಿ ಅಮೆರಿಕದ ಸುಮಾರು 500 ಜನರನ್ನು ಅಳೆದು ಮಾಡಿದ್ದು. ಹೆಂಗಸರಿಗೆ ಹೀಗೆ: ತೂಕವನ್ನು 10ರಿಂದ ಗುಣಿಸಿ, ಎತ್ತರದ ಸೆಂಟಿಮೀಟರನ್ನು 6.25ರಿಂದ ಗುಣಿಸಿ, ಎರಡನ್ನೂ ಕೂಡಿಸಿ. ಅದರಲ್ಲಿ ವಯಸ್ಸಿನ ಐದರಷ್ಟು ಮತ್ತು 161 ಕಳೆಯಿರಿ. ಬರುವುದು ತಳದ ಖರ್ಚು. ಇದು ಅಂದಾಜು ಮಾತ್ರ, ಶೇಕಡಾ ಹತ್ತರಷ್ಟು ಆಚೀಚೆ ಆಗುವುದು ಮಾಮೂಲು. ಆದರೂ ಎಲ್ಲರಿಗೂ ಒಂದೇ ಹಾಳೆ ಕೊಡುವುದಕ್ಕಿಂತ ಎಷ್ಟೋ ವಾಸಿ.

ಪಾವಿಗೆ ತೂಕ ಹಾಕಿದ್ದು

ನನಗೆ ಅತಿ ಖುಷಿ ಕೊಟ್ಟ ಭಾಗ ಇದು. ನಮ್ಮ ಹಿತ್ತಾಳೆ ಪಾವು ಅತ್ತೆಗೆ ತವರಿನಿಂದ ಬಂದದ್ದು. ಅಂಚು ಒಂದು ಕಡೆ ಸ್ವಲ್ಪ ಒಳಕ್ಕೆ ಬಾಗಿದೆ. "ಪಾವಿಗೂ ತೂಕ ಹಾಕ್ತೀಯೇನೇ?" ಅಂತ ಅತ್ತೆ ಕೇಳಿದರು. ಆಮೇಲೆ ತಾವೇ ಅಕ್ಕಿ ತುಂಬಿ, ಬೆರಳಿನಿಂದ ಮೇಲ್ಭಾಗ ಸವರಿ ಕೊಟ್ಟರು. ತಲೆಸವರಿದ ಒಂದು ಪಾವು ಸೋನಾ ಮಸೂರಿ 210 ಗ್ರಾಂ ಬಂತು. ಅತ್ತೆ ರೂಢಿಯಂತೆ ಕೊಂಚ ಗೋಪುರ ಮಾಡಿ ತುಂಬಿದರೆ 235.

ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕದಲ್ಲಿ ಶಕ್ತಿಯನ್ನು ಕಿಲೋಜೂಲ್‌ನಲ್ಲಿ ಕೊಟ್ಟಿದ್ದಾರೆ. 4.184ರಿಂದ ಭಾಗಿಸಿದರೆ ನಾವು ಮಾತಿಗೆ ಕ್ಯಾಲೊರಿ ಅನ್ನುವ ಕಿಲೋಕ್ಯಾಲೊರಿ ಬರುತ್ತೆ. ಅಕ್ಕಿ 100 ಗ್ರಾಂಗೆ 356. ಹಾಗಾಗಿ ಒಂದು ಪಾವು ಅಂದರೆ 750ರ ಹತ್ತಿರ. ಅದೇ ಪಾವು ಕುಕ್ಕರ್‌ನಲ್ಲಿ ನಮ್ಮನೆ ಹದಕ್ಕೆ ಬೆಂದ ಮೇಲೆ 610 ಗ್ರಾಂ ಅನ್ನ ಆಯ್ತು. ಹೆಚ್ಚಿದ್ದು ಬರೀ ನೀರು, ಕ್ಯಾಲೊರಿ ಅಷ್ಟೇ. ಅನ್ನದ ಸೌಟಿನಲ್ಲಿ ಒಂದು ಸಲ ಎತ್ತಿದರೆ 85 ಗ್ರಾಂ. ಅಂದರೆ ಒಂದು ಸೌಟು ಅನ್ನ ನೂರು ಕ್ಯಾಲೊರಿ ಚಿಲ್ಲರೆ. ಇಷ್ಟು ನೀಟಾಗಿ ನೂರರ ಹತ್ತಿರ ಬಂದದ್ದು ನಮ್ಮ ಅದೃಷ್ಟ. ಈಗ ಎಲ್ಲದಕ್ಕೂ ಇದೇ ಅಳತೆಗೋಲು.

ಮುದ್ದೆ ವಿಷಯ ಹೇಳಲೇಬೇಕು. ರಾಗಿ ತಿಂದರೆ ತೂಕ ಇಳಿಯುತ್ತೆ ಅಂತ ಬೆಂಗಳೂರಿನಲ್ಲಿ ಈಗ ಎಲ್ಲರ ಬಾಯಲ್ಲೂ ಇದೆ. ರಾಗಿ 100 ಗ್ರಾಂಗೆ 320. ಅಕ್ಕಿಗೂ ಅದಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ನಮ್ಮ ಒಂದು ಮುದ್ದೆಗೆ 75 ಗ್ರಾಂ ಹಿಟ್ಟು ಹಿಡಿಯುತ್ತೆ, 240 ಕ್ಯಾಲೊರಿ. ಅಂದರೆ ಎರಡು ಸೌಟು ಅನ್ನಕ್ಕಿಂತ ಜಾಸ್ತಿ. ರಾಗಿಯ ದೊಡ್ಡಸ್ತಿಕೆ ಬೇರೆ ಕಡೆ ಇದೆ. 100 ಗ್ರಾಂನಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಪಾಲಿಶ್ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಕೂಡ ಇಲ್ಲ. ನಾರೂ ಜಾಸ್ತಿ, ಹೊಟ್ಟೆ ಬೇಗ ತುಂಬಿದ ಹಾಗಾಗುತ್ತೆ. ಮೂಳೆ ಸವೆಯುವ ವಯಸ್ಸಿನವರು ತಿನ್ನಲಿ, ಚೆನ್ನಾಗಿ ತಿನ್ನಲಿ. ಮುದ್ದೆಗೆ ಲೆಕ್ಕ ಇಲ್ಲ ಅಂತ ಮಾತ್ರ ತಿಳಿಯಬಾರದು.

ಚಪಾತಿ ಒಂದಕ್ಕೆ 30 ಗ್ರಾಂ ಹಿಟ್ಟು, ಎಣ್ಣೆ ಸೇರಿ 120. ಒಂದು ಹಿಡಿ ಕಾಯಿತುರಿ 30 ಗ್ರಾಂ, ನೂರರ ಮೇಲೆ. ನಮ್ಮ ಸ್ಟೀಲ್ ಲೋಟದ ಕಾಫಿಗೆ 80 ಎಂಎಲ್ ನಂದಿನಿ ನೀಲಿ ಪ್ಯಾಕೆಟ್ ಹಾಲು, ಎರಡು ಟೀ ಚಮಚ ಸಕ್ಕರೆ: ಒಟ್ಟು 85.

ಎಣ್ಣೆ

ಒಗ್ಗರಣೆ ಅಳೆಯುವುದು ಕಷ್ಟ, ಯಾರೂ ಚಮಚ ಹಿಡಿದು ಎಣ್ಣೆ ಹಾಕುವುದಿಲ್ಲ ಅಲ್ವಾ? ಅದಕ್ಕೆ ತಿಂಗಳ ಸಾಮಾನಿನ ಚೀಟಿ ಹಿಡಿದೆ. ನಾಲ್ಕು ಲೀಟರ್ ಸೂರ್ಯಕಾಂತಿ ಎಣ್ಣೆ. ಮನೆಯಲ್ಲಿ ದಿನವೂ ಉಣ್ಣುವವರು ಯಜಮಾನರೂ ಸೇರಿ ನಾಲ್ಕು ಜನ. ಲೀಟರಿಗೆ 915 ಗ್ರಾಂ ಅಂತ ಹಿಡಿದರೆ ತಲೆಗೆ ದಿನಕ್ಕೆ 30 ಗ್ರಾಂ, 270 ಕ್ಯಾಲೊರಿ. ತುಪ್ಪ ಇದರಲ್ಲಿ ಸೇರಿಲ್ಲ. 2024ರಲ್ಲಿ ಬಂದ ಪೋಷಣಾ ಸಂಸ್ಥೆಯ ಮಾರ್ಗಸೂಚಿಯಲ್ಲಿ 2,000 ಕ್ಯಾಲೊರಿಯ ತಟ್ಟೆಗೆ ಎಣ್ಣೆ ತುಪ್ಪ ಎಲ್ಲ ಸೇರಿ 27 ಗ್ರಾಂ ಅಂತಿದೆ. ಅದೇ ಅನುಪಾತದಲ್ಲಿ ಅತ್ತೆಗೆ 18 ಗ್ರಾಂ ಸಾಕು.

ಹಪ್ಪಳ ಕರಿಯುವ ಬದಲು ಸುಡುತ್ತೇವೆ. ಪಲ್ಯಕ್ಕೆ ಬಾಟಲಿಯಿಂದ ಸುರಿಯುವುದು ಬಿಟ್ಟು ಒಗ್ಗರಣೆ ಸೌಟಿನಲ್ಲಿ ಹಾಕುತ್ತೇವೆ. ಈಗ ತಿಂಗಳಿಗೆ ಮೂರು ಲೀಟರ್ ಸಾಕಾಗುತ್ತಿದೆ. ತಲೆಗೆ ದಿನಕ್ಕೆ 60 ಕ್ಯಾಲೊರಿಗೂ ಸ್ವಲ್ಪ ಮೇಲೆ ಇಳಿದಿದೆ. ರುಚಿ ಹೋಯ್ತು ಅಂತ ಇನ್ನೂ ಯಾರೂ ಅಂದಿಲ್ಲ.

ನಾಲ್ವರ ಲೆಕ್ಕ

ಭಾರತೀಯರಿಗೆ ಬಿಎಂಐ (ಕೆಜಿ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕಿ) 18.5ರಿಂದ 22.9ರವರೆಗೆ ಆರೋಗ್ಯವಾದ ತೂಕ, 23 ಆದರೆ ಜಾಸ್ತಿ ಅಂತ ನಮ್ಮ ವೈದ್ಯರು ಹಿಡಿಯುತ್ತಾರೆ. ಹೊರದೇಶದ ಚಾರ್ಟ್‌ಗಳಲ್ಲಿರುವ 25 ನಮಗೆ ಸಡಿಲ ಆಯ್ತು. ಕಡಿಮೆ ತೂಕದಲ್ಲೇ ನಮಗೆ ಹೊಟ್ಟೆಯ ಸುತ್ತ ಕೊಬ್ಬು ಕೂರುತ್ತೆ, ಸಕ್ಕರೆ ಕಾಯಿಲೆ ಬರುತ್ತೆ. ಹೆಂಗಸರ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಬಾರದು ಅನ್ನುವುದೂ ಇದಕ್ಕೇ.

ಮಗಳು: 20 ವರ್ಷ, 162 ಸೆಂ.ಮೀ., 50 ಕೆಜಿ. ತಳದ ಖರ್ಚೇ 1,250. ಆಟದ ದಿನಗಳಲ್ಲಿ ಮಧ್ಯಮ ಶ್ರಮದ ಲೆಕ್ಕ ಹಿಡಿದರೆ ಒಟ್ಟು 2,250 ಬೇಕು. ಅಂದರೆ ಆ 1,200ರ ಹಾಳೆ ಅವಳು ಹಾಸಿಗೆಯಲ್ಲಿ ಮಲಗಿರುವುದಕ್ಕೂ ಸಾಲದು. ಆಡುವ ಹುಡುಗಿಯರು ಹೀಗೆ ಕಡಿಮೆ ತಿಂದರೆ ಮುಟ್ಟು ತಪ್ಪುತ್ತೆ, ಮೂಳೆ ಬಲ ಕಳೆದುಕೊಳ್ಳುತ್ತೆ. ಅವಳ ತೂಕ ಇರಬೇಕಾದ ಮಟ್ಟದ ಕೆಳತುದಿಯಲ್ಲೇ ಇದೆ. ಇಳಿಸುವ ಮಾತೇ ಇಲ್ಲ. ಸಂಜೆ ಪ್ರಾಕ್ಟೀಸ್ ಮುಗಿಸಿ ಬಂದವಳಿಗೆ ಈಗ ಎರಡು ಮೊಟ್ಟೆ, ಬಾಳೆಹಣ್ಣು, ಆಮೇಲೆ ಊಟ.

ಅತ್ತೆ: 68 ವರ್ಷ, 150 ಸೆಂ.ಮೀ., 54 ಕೆಜಿ. ದಿನಕ್ಕೆ 1,370 ಸಾಕು. ಮೂರು ಲೋಟ ಕಾಫಿಯಲ್ಲೇ ಅದರ ಐದರಲ್ಲೊಂದು ಪಾಲು ಹತ್ತಿರ ಹೋಗುತ್ತಿತ್ತು. ಕಾಫಿ ಬಿಡಿ ಅಂತ ನಾನು ಹೇಳಲಿಲ್ಲ, ಹೇಳುವುದೂ ಇಲ್ಲ. ಸಕ್ಕರೆ ಒಂದು ಚಮಚಕ್ಕೆ ಇಳಿಸಲು ಅವರೇ ಒಪ್ಪಿದರು. ಈ ವಯಸ್ಸಿನಲ್ಲಿ ಕ್ಯಾಲೊರಿ ಕಡಿಮೆ ಬೇಕು, ಆದರೆ ಪ್ರೋಟೀನ್ ಕಡಿಮೆ ಆಗಬಾರದು. ಅವರ ತಟ್ಟೆಯಲ್ಲಿ ಅನ್ನ ಒಂದು ಸೌಟು ಇಳಿದು, ಕಾಳಿನ ಹುಳಿ ಒಂದು ಸೌಟು ಏರಿದೆ.

ನಾನು: 41 ವರ್ಷ, 158 ಸೆಂ.ಮೀ., 62 ಕೆಜಿ, ಬಿಎಂಐ 24.8. ಕೂತು ಮಾಡುವ ಕೆಲಸ. ಈ ತೂಕ ಉಳಿಯಲು 1,740 ಬೇಕು. ನನ್ನ ಎತ್ತರಕ್ಕೆ ಇರಬೇಕಾದ್ದು 57 ಕೆಜಿ. ಆ ತೂಕಕ್ಕೆ ಲೆಕ್ಕ ಹಾಕಿದರೆ 1,670. ವ್ಯತ್ಯಾಸ ದಿನಕ್ಕೆ ಬರೀ 70! ಒಂದು ಸೌಟು ಅನ್ನವೂ ಇಲ್ಲ, ಒಂದು ಲೋಟ ಕಾಫಿಯೂ ಇಲ್ಲ. ಐದು ಕೆಜಿ ಇಳಿಯಲು ಕೆಲವು ತಿಂಗಳು ಇನ್ನಷ್ಟು ಕಡಿಮೆ ತಿನ್ನಬೇಕು, ನಿಜ. ಆದರೆ ಇಳಿದ ಮೇಲೆ ಅಲ್ಲೇ ನಿಲ್ಲಲು ಬೇಕಾದ ಬದಲಾವಣೆ ಇಷ್ಟು ಚಿಕ್ಕದು ಅಂತ ಗೊತ್ತಾದಾಗ ನನಗೆ ಎಷ್ಟೋ ಧೈರ್ಯ ಬಂತು. ಎಣ್ಣೆಯಲ್ಲೇ ಅದರ ಬಹುಪಾಲು ಬಂದಾಗಿದೆ.

ನಲವತ್ತಾದ ಮೇಲೆ ಮೈ ಖರ್ಚು ಮಾಡುವುದೇ ನಿಲ್ಲಿಸುತ್ತೆ ಅನ್ನುವ ಮಾತನ್ನು ನಾನೂ ನಂಬಿದ್ದೆ. 2021ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ 29 ದೇಶಗಳ 6,400ಕ್ಕೂ ಹೆಚ್ಚು ಜನರ ಅಧ್ಯಯನ ಬಂತು. ಭಾರದ ಹೈಡ್ರೋಜನ್, ಆಮ್ಲಜನಕ ಇರುವ ನೀರು ಕುಡಿಸಿ, ಮುಂದಿನ ದಿನಗಳ ಮೂತ್ರ ಪರೀಕ್ಷೆ ಮಾಡಿ ಅಳೆಯುವ ವಿಧಾನ. ಮೈಯ ಗಾತ್ರಕ್ಕೆ ಹೋಲಿಸಿ ನೋಡಿದರೆ 20ರಿಂದ 60 ವರ್ಷದವರೆಗೆ ಖರ್ಚು ಹೆಚ್ಚುಕಡಿಮೆ ಒಂದೇ ಸಮ. 60ರ ನಂತರವೇ ವರ್ಷಕ್ಕೆ ಶೇಕಡಾ 0.7ರಷ್ಟು ಇಳಿಯುತ್ತೆ. ಮುಟ್ಟು ನಿಲ್ಲುವ ಹೊತ್ತಿಗೆ ಕೊಬ್ಬು ಹೊಟ್ಟೆಗೆ ಬಂದು ಕೂರುವುದು ಬೇರೆ ವಿಷಯ. ನನ್ನ ವಯಸ್ಸಿನಲ್ಲಿ ನಡಿಗೆ ಕಡಿಮೆ ಆಗಿರುವುದೇ ಮುಖ್ಯ ಕಾರಣ ಅಂತ ನನಗನ್ನಿಸುತ್ತೆ. ಬೆಳಗ್ಗೆ ಲಾಲ್‌ಬಾಗ್ ಮತ್ತೆ ಶುರು ಮಾಡಿದ್ದೇನೆ.

ಅಕ್ಕನ ಲೆಕ್ಕ

ಕೆಲಸದ ಅಕ್ಕನಿಗೆ 45 ವರ್ಷ, 152 ಸೆಂ.ಮೀ., 47 ಕೆಜಿ. ನಾಲ್ಕು ಮನೆ ಕೆಲಸ, ನಡುವೆ ನಡಿಗೆ, ಮಹಡಿ ಹತ್ತಿ ಇಳಿಯುವುದು. ಐಸಿಎಂಆರ್‌ನ ಹಳೆಯ ಪಟ್ಟಿಯಲ್ಲಿ ಮನೆಗೆಲಸದವರನ್ನು ಕೂಲಿಯವರು, ಬೀಡಿ ಕಟ್ಟುವವರ ಜೊತೆ ಮಧ್ಯಮ ಶ್ರಮಕ್ಕೆ ಸೇರಿಸಿದ್ದಾರೆ. ಆ ಲೆಕ್ಕದಲ್ಲಿ ಅವರಿಗೆ 1,860 ಬೇಕು. ನನಗಿಂತ ಹದಿನೈದು ಕೆಜಿ ಹಗುರ ಇದ್ದರೂ ನನಗಿಂತ ಜಾಸ್ತಿ.

ಅವರನ್ನು ಕೇಳಿಯೇ ಇದನ್ನು ಬರೆದುಕೊಂಡೆ. ಬೆಳಗ್ಗೆ ಒಂದು ಕಾಫಿ, ನಮ್ಮಲ್ಲಿ ಹನ್ನೊಂದಕ್ಕೆ ತಿಂಡಿ, ಮೂರೂವರೆಗೆ ಮನೆಯಲ್ಲಿ ಅನ್ನ ಸಾರು, ರಾತ್ರಿ ಮಕ್ಕಳಿಗೆ ಬಡಿಸಿ ಉಳಿದದ್ದರಲ್ಲಿ ಒಂದು ಮುದ್ದೆ. ಕೂಡಿಸಿದರೆ 1,400ರ ಆಸುಪಾಸು. ಹೋದ ವರ್ಷ 50 ಕೆಜಿ ಇದ್ದರಂತೆ, ರವಿಕೆಗಳೆಲ್ಲ ಸಡಿಲ ಆಗಿವೆ. ಬಿಎಂಐ ನೋಡಿದರೆ 20.3, ಆರೋಗ್ಯದ ತೂಕವೇ. ಆದರೆ ಆ ಅಂಕಿ ಇಳಿಯುತ್ತಿದೆ ಅನ್ನುವುದು ಬಿಎಂಐ ಚಾರ್ಟ್‌ನಲ್ಲಿ ಕಾಣುವುದಿಲ್ಲ. ಬಯಸದೆ ತೂಕ ಇಳಿದರೆ ಪರೀಕ್ಷೆ ಮಾಡಿಸಲೇಬೇಕು. ಮುಂದಿನ ವಾರ ಡಾಕ್ಟರ ಹತ್ತಿರ ಇಬ್ಬರೂ ಹೋಗುತ್ತಿದ್ದೇವೆ, ರಕ್ತ, ಸಕ್ಕರೆ, ಥೈರಾಯ್ಡ್ ಮೂರೂ ನೋಡಿಸಲು.

ಬಂದ ಕೂಡಲೇ ತಿಂಡಿ ತಿನ್ನಿ ಅಂದೆ. "ಮೊದ್ಲೇ ತಿಂದ್ರೆ ಮೈ ಭಾರ ಆಗುತ್ತಕ್ಕ, ಮುಂದಿನ ಮನೆಗೆ ಹೊತ್ತಾಗುತ್ತೆ" ಅಂದರು. ಅವರ ಮಾತು ಸರಿ. ಅದಕ್ಕೆ ಬಂದಾಗ ಒಂದು ಲೋಟ ಹಾಲು, ಹನ್ನೊಂದಕ್ಕೆ ತಿಂಡಿ, ಹೊರಡುವಾಗ ಡಬ್ಬಿಯಲ್ಲಿ ಬೆಲ್ಲದ ಜೊತೆ ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ ಅಂತ ಇಬ್ಬರೂ ಸೇರಿ ಗೊತ್ತು ಮಾಡಿದೆವು. ಹಾಲು, ಬೀಜ, ಬೆಲ್ಲ ಸೇರಿದರೆ 300 ದಾಟುತ್ತೆ. ಉಳಿದದ್ದು ಅವರ ರಾತ್ರಿಯ ಊಟಕ್ಕೆ ಸೇರಬೇಕು. ಅಲ್ಲಿ ನನ್ನ ಸೌಟು ನಡೆಯುವುದಿಲ್ಲ. ತಾನೂ ಮಕ್ಕಳ ಜೊತೆಗೇ ಕೂತು ತಿನ್ನುತ್ತೇನೆ ಅಂತ ಹೇಳಿದ್ದಾರೆ.

ಸದ್ಯಕ್ಕೆ

ಸೂತ್ರ ಏನೇ ಹೇಳಲಿ, ಕೊನೆಯ ತೀರ್ಪು ತೂಕದ ಮೆಷಿನ್ನಿನದು. ತಿಂದದ್ದನ್ನು ಕೆಲವು ವಾರ ಬರೆದು, ತೂಕ ಅಲುಗದೆ ನಿಂತರೆ ಆ ಸರಾಸರಿಯೇ ನಿಮ್ಮ ಅಂಕಿ. ದಿನದ ತೂಕ ನೋಡಿ ಗಾಬರಿ ಬೀಳಬಾರದು. ಮುಟ್ಟಿನ ಮುಂಚೆ ನೀರು ತುಂಬಿ ಒಂದು ಕೆಜಿ ಏರುವುದು ಸಾಮಾನ್ಯ, ಉಪ್ಪಿನಕಾಯಿ ಜಾಸ್ತಿ ತಿಂದ ಮರುದಿನವೂ ಅಷ್ಟೇ. ವಾರದ ಸರಾಸರಿಯನ್ನು ಹಿಂದಿನ ವಾರದ ಜೊತೆ, ಮುಟ್ಟಾಗುವವರು ಹಿಂದಿನ ತಿಂಗಳ ಅದೇ ವಾರದ ಜೊತೆ ಹೋಲಿಸಿದರೆ ಸರಿ.

ಫ್ರಿಜ್ ಮೇಲೆ ಈಗ ನಾಲ್ಕು ಸಾಲಿನ ಹಾಳೆ ಇದೆ: ಮಗಳು 2,250, ಅಕ್ಕ 1,860, ನಾನು 1,670, ಅತ್ತೆ 1,370. ಅತಿ ಹೆಚ್ಚಿಗೂ ಅತಿ ಕಡಿಮೆಗೂ 880 ವ್ಯತ್ಯಾಸ. ಒಂದೇ ಅಡುಗೆ, ಸೌಟಿನ ಎಣಿಕೆ ಮಾತ್ರ ಬೇರೆ.

ಇನ್ನು ಬಾಕಿ ಇರುವುದು ಹುಳಿ, ಸಾಂಬಾರು, ಬಿಸಿಬೇಳೆಬಾತ್ ತರಹದ ಬೆರಕೆ ಅಡುಗೆಗಳು. ಪಾತ್ರೆಗೆ ಬಿದ್ದ ಎಲ್ಲವನ್ನೂ ತೂಗಿ, ಒಟ್ಟು ತೆಗೆದು, ಬೆಂದ ಮೇಲಿನ ತೂಕಕ್ಕೆ ಭಾಗಿಸಬೇಕು. ಅವರೆಕಾಯಿ ಕಾಲಕ್ಕೆ ಹಿಸುಕಿದ ಬೇಳೆ ಸಾರೂ ಪಟ್ಟಿಗೆ ಸೇರುತ್ತೆ. ನಾದಿನಿ ಬಾಣಂತನಕ್ಕೆ ಬರುತ್ತಿದ್ದಾಳೆ, ಅವಳ 600ಕ್ಕೆ ಹಾಳೆಯಲ್ಲಿ ಐದನೇ ಸಾಲು ಬಿಟ್ಟಿದ್ದೇನೆ. ಬಾಣಂತಿಗೆ ಕೊಡುವ ತುಪ್ಪದ ಅಳತೆ ಅತ್ತೆಯನ್ನು ಕೇಳಿ ಬರೆದುಕೊಳ್ಳುತ್ತಿದ್ದೇನೆ.