ಮಾವಿ ದ್ವೀಪದಲ್ಲಿ ಆರು ಜನರ ದೋಣಿ: ಹೋಗುವವರಿಗೆ ನಾಲ್ಕು ಮಾತು

ದೋಣಿ ಕಂಡಿದ್ದೇ ತಡ, ಅಮ್ಮ ಚಪ್ಪಲಿ ಕಳಚಿಟ್ಟಳು. ಯಾರೂ ಹೇಳಿರಲಿಲ್ಲ. ಹವಾಯಿಯ ಮಾವಿ ದ್ವೀಪದಲ್ಲಿ ಕೀಹೇ ಅಂತ ಒಂದು ಊರು. ಅಲ್ಲಿನ ಕಡಲ ದಂಡೆಯಲ್ಲಿ, ಬೆಳಿಗ್ಗೆ ಏಳು ಗಂಟೆಗೆ, ಮರಳಿನ ಮೇಲೆ ಉದ್ದುದ್ದ ದೋಣಿಗಳು ಸಾಲಾಗಿ ಮಲಗಿದ್ದವು. ಪ್ರತಿ ದೋಣಿಯ ಎಡಕ್ಕೆ ಎರಡು ಬಾಗಿದ ಅಡ್ಡಕೋಲು, ಅವುಗಳ ತುದಿಗೆ ತೇಲುವ ಒಂದು ದಿಮ್ಮಿ. "ನೋಡೇ, ನಮ್ಮ ಕಡೆ ದೋಣಿ ಇದ್ದ ಹಾಗೇ ಇದೆ" ಅಂದಳು ಅಮ್ಮ. ಅವಳ ತವರು ಕುಮಟಾ ಹತ್ತಿರ, ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆ. ಉತ್ತರ ಕನ್ನಡದ ಕರಾವಳಿಯಲ್ಲೂ ಸಣ್ಣ ದೋಣಿ ಮಗುಚದೆ ಇರಲಿ ಅಂತ ಮೀನುಗಾರರು ಒಂದು ಬದಿಗೆ ಹೀಗೇ ಮರದ ತುಂಡು ಕಟ್ಟುತ್ತಾರೆ. ಪಕ್ಕದಲ್ಲಿದ್ದ, ಅಮ್ಮನದೇ ವಯಸ್ಸಿನ ಒಬ್ಬರು ಆ ಚಪ್ಪಲಿ ನೋಡಿ ನಕ್ಕರು. ಇಲ್ಲೂ ಚಪ್ಪಲಿ ಹಾಕಿಕೊಂಡು ದೋಣಿ ಹತ್ತುವುದಿಲ್ಲ, ದೋಣಿ ದಾಟುವುದಂತೂ ಇಲ್ಲವೇ ಇಲ್ಲ, ಸುತ್ತು ಹಾಕಿಕೊಂಡೇ ಬರಬೇಕು ಅಂದರು. ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಇದು ಮಾತ್ರ ಪೂರ್ತಿ ಅರ್ಥವಾಯಿತು.

ನಾವಿರುವುದು ಕ್ಯಾಲಿಫೋರ್ನಿಯಾದಲ್ಲಿ. ಅಮ್ಮ ಊರಿಂದ ಬಂದಿದ್ದಳು. ಕಳೆದ ಅಕ್ಟೋಬರ್‌ನಲ್ಲಿ ನಾನು, ನಮ್ಮೆಜಮಾನ್ರು, ಅಮ್ಮ ಮೂವರೂ ಒಂದು ವಾರಕ್ಕೆ ಮಾವಿಗೆ ಹೋಗಿದ್ದೆವು. ಅಮೆರಿಕದ ಪಶ್ಚಿಮ ಕರಾವಳಿಯಿಂದ ವಿಮಾನದಲ್ಲಿ ಐದು ಗಂಟೆಯ ಮೇಲೆ ಬೇಕು. ಭಾರತದಿಂದ ಹೋಗುವವರಿಗೆ ಅಮೆರಿಕದ ವೀಸಾನೇ ಬೇಕು, ಹವಾಯಿ ಅದರದೇ ರಾಜ್ಯ. ಹೋಟೆಲ್, ಬೀಚು, ಜ್ವಾಲಾಮುಖಿ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಾನು ಈ ದೋಣಿಯ ಬಗ್ಗೆ ಮಾತ್ರ ಹೇಳುತ್ತೇನೆ, ಯಾಕೆಂದರೆ ಆ ವಾರದಲ್ಲಿ ನಮಗೆ ದಕ್ಕಿದ್ದೆಲ್ಲ ಇದರಿಂದಲೇ.

ಇದನ್ನು ಹತ್ತಲು ಎರಡು ದಾರಿ ಇವೆ. ಒಂದು, ಹೋಟೆಲ್‌ನವರ ಮೂಲಕ ಸಿಗುವ ಟೂರ್. ಇನ್ನೊಂದು, ಊರಿನ ಪ್ಯಾಡ್ಲಿಂಗ್ ಕ್ಲಬ್. ನಾವು ಮೊದಲು ಟೂರ್ ಬುಕ್ ಮಾಡಿ ಕೆಟ್ಟೆವು. ಮಧ್ಯಾಹ್ನ ಎರಡು ಗಂಟೆಗೆ ಸಮಯ ಕೊಟ್ಟಿದ್ದರು. ಹೋದರೆ ಗಾಳಿ ಜೋರು, ಇವತ್ತು ಆಗಲ್ಲ ಅಂದರು. ದುಡ್ಡು ವಾಪಸ್ ಬರಲು ಮೂರು ವಾರ ಹಿಡಿಯಿತು. ಮಾವಿಯ ಈ ಭಾಗದಲ್ಲಿ ಬೆಳಿಗ್ಗೆ ನೀರು ಹಾಲಿನ ಹಾಗೆ ಮಲಗಿರುತ್ತದೆ, ಹತ್ತು ಹನ್ನೊಂದರ ಹೊತ್ತಿಗೆ ಗಾಳಿ ಏಳುತ್ತದೆ. ಹಾಗಾಗಿ ಯಾರಾದರೂ ಮಧ್ಯಾಹ್ನ ಬನ್ನಿ ಅಂದರೆ ಸುಮ್ನೆ ಬೇಡ ಅಂದುಬಿಡಿ.

ಕ್ಲಬ್ ದಾರಿಯೇ ಒಳ್ಳೆಯದು. ಎಲ್ಲ ಕ್ಲಬ್ಬುಗಳೂ ಹೊರಗಿನವರನ್ನು ಸೇರಿಸಿಕೊಳ್ಳುವುದಿಲ್ಲ. ಕೆಲವರು ವಾರದಲ್ಲಿ ಒಂದೆರಡು ಬೆಳಿಗ್ಗೆ ಮಾತ್ರ ಕರೆಯುತ್ತಾರೆ. ಎರಡು ವಾರ ಮೊದಲೇ ಈಮೇಲ್ ಹಾಕಿ, ಎಷ್ಟು ಜನ, ವಯಸ್ಸೆಷ್ಟು, ಈಜು ಬರುತ್ತದಾ, ಮೊಣಕಾಲು ನೋವಿದೆಯಾ, ಎಲ್ಲ ಇದ್ದದ್ದು ಇದ್ದ ಹಾಗೆ ಬರೆಯಿರಿ. ನಮಗೆ ತಲೆಗೆ 50 ಡಾಲರ್ ಒಳಗೇ ಆಯಿತು, ಟೂರ್‌ಗೆ ಅದರ ಎರಡರಷ್ಟು ಕೊಟ್ಟಿದ್ದೆವು. ಈಜು ಬಾರದವರು ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ, ಅದರಲ್ಲಿ ನಾಚಿಕೆ ಬೇಡ. ಹೇಳಿದ ಸಮಯಕ್ಕಿಂತ ಅರ್ಧ ಗಂಟೆ ಮೊದಲೇ ಹೋಗಿ. ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ.

ದೋಣಿಗೆ ಅಲ್ಲಿ 'ವ-ಅ' ಅಂತಾರೆ, ನಡುವೆ ಒಂಚೂರು ತಡೆದು. ಆರು ಜನ ಕೂರುವ ದೋಣಿ ಸುಮಾರು 40 ಅಡಿ ಉದ್ದ, 180 ಕಿಲೋ ತೂಕ. ಎಡಗಡೆ ತೇಲುವ ದಿಮ್ಮಿಯ ಹೆಸರು 'ಅಮ'. ಅಡ್ಡಕೋಲು 'ಇಯಾಕೊ'. ಹುಟ್ಟಿಗೆ 'ಹೋಎ'. ಹಿಂದೆ ದೋಣಿಯನ್ನು ಕೋವಾ ಮರದ ಒಂದೇ ದಿಮ್ಮಿಯಲ್ಲಿ ಕೊರೆಯುತ್ತಿದ್ದರು. ಕೋವಾ ಅಂದರೆ ನಮ್ಮ ಜಾಲಿಯ ನೆಂಟ, ಹವಾಯಿಯಲ್ಲಿ ಬಿಟ್ಟರೆ ಬೇರೆಲ್ಲೂ ತಾನಾಗಿ ಬೆಳೆಯುವುದಿಲ್ಲ. ಅಮಕ್ಕೆ ಹಗುರ ಇರಲಿ ಅಂತ ವಿಲಿವಿಲಿ ಮರ, ಅಡ್ಡಕೋಲಿಗೆ ಬಾಗುವ ಹೌ ಮರ. ಈಗ ದಿನನಿತ್ಯ ಓಡಿಸುವವು ಹೆಚ್ಚಾಗಿ ಫೈಬರ್‌ಗ್ಲಾಸಿನವು. ಆದರೆ ಅಡ್ಡಕೋಲನ್ನು ದೋಣಿಗೆ ಸೇರಿಸುವುದಕ್ಕೆ ಈಗಲೂ ಬೋಲ್ಟ್ ಹಾಕುವುದಿಲ್ಲ, ಹಗ್ಗದಲ್ಲಿ ಬಿಗಿಯುತ್ತಾರೆ. ನಾನು ಬಗ್ಗಿ ನೋಡಿದೆ. ಬಿಳಿ ಹಗ್ಗ, ಒಂದರ ಪಕ್ಕ ಒಂದು ಎಳೆ, ನಡುವೆ ಉಗುರು ತೂರಲೂ ಜಾಗ ಇಲ್ಲ. ಅಲೆ ಹೊಡೆದಾಗ ಹಗ್ಗ ಒಂದಿಷ್ಟು ಮಣಿಯುತ್ತದೆ. ಬೋಲ್ಟ್ ಆದರೆ ಎಲ್ಲಿ ಮಣಿಯುತ್ತೆ, ಮುರಿಯುತ್ತೆ ಅಷ್ಟೇ.

ಹೊರಡುವ ಮುಂಚೆ ಎಲ್ಲರೂ ಕೈ ಹಿಡಿದು ವರ್ತುಲವಾಗಿ ನಿಂತೆವು. ಹಿರಿಯರೊಬ್ಬರು ಹವಾಯಿ ಭಾಷೆಯಲ್ಲಿ ಪ್ರಾರ್ಥನೆ ಹೇಳಿದರು. ಅದಕ್ಕೆ 'ಪುಲೆ' ಅನ್ನುತ್ತಾರೆ. ಆಮೇಲೆ ಒಬ್ಬೊಬ್ಬರೂ ತಮ್ಮ ಹೆಸರು, ಊರು, ಇವತ್ತು ಯಾವುದಕ್ಕೆ 'ಮಹಾಲೊ', ಅಂದರೆ ಧನ್ಯವಾದ, ಅಂತ ಹೇಳಬೇಕು. ಒಬ್ಬರು ಮಗಳ ಜ್ವರ ಬಿಟ್ಟಿತು ಅಂದರು. ಇನ್ನೊಬ್ಬರು ನಿನ್ನೆ ಮಳೆ ಬಂತಲ್ಲ ಅಂದರು. ಅಮ್ಮನ ಸರದಿ ಬಂದಾಗ ಅವಳು ಕನ್ನಡದಲ್ಲೇ, "ನೀರಿಗೆ" ಅಂದಳು. ನಾನು ಇಂಗ್ಲಿಷಿಗೆ ಮಾಡಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು.

ದೊಡ್ಡವರನ್ನೆಲ್ಲ ಅಲ್ಲಿ 'ಆಂಟಿ', 'ಅಂಕಲ್' ಅಂತಲೇ ಕರೆಯುತ್ತಾರೆ, ಸಂಬಂಧ ಇರಲಿ ಬಿಡಲಿ. ನಮ್ಮವರಿಗೆ ಇದು ಕಲಿಸಬೇಕಾ? ಹೆಸರು ಹಿಡಿದು ಕರೆಯಬೇಡಿ.

ಇನ್ನು ದೋಣಿಯ ಒಳಗೆ. ಮುಂದಿನ ಒಂದನೇ ಸೀಟಿನವರು ವೇಗ ಕೊಡುತ್ತಾರೆ. ಹಿಂದಿನ ಆರನೆಯವರು ದೊಡ್ಡ ಹುಟ್ಟು ಹಿಡಿದು ದಿಕ್ಕು ನೋಡುತ್ತಾರೆ, ಬೇರೆ ಚುಕ್ಕಾಣಿ ಇರುವುದಿಲ್ಲ. ಹೊಸಬರನ್ನು ನಡುವೆ ಕೂರಿಸುತ್ತಾರೆ. ಒಬ್ಬರು ಎಡಕ್ಕೆ ಹುಟ್ಟು ಹಾಕಿದರೆ ಅವರ ಹಿಂದಿನವರು ಬಲಕ್ಕೆ. ಹನ್ನೆರಡು ಹದಿನೈದು ಸಲ ಎಳೆದ ಮೇಲೆ ನಡುವಿನವರೊಬ್ಬರು 'ಹಟ್' ಅಂತ ಕೂಗುತ್ತಾರೆ, ಉಳಿದವರು 'ಹೋ' ಅಂತಾರೆ, ಎಲ್ಲರ ಹುಟ್ಟೂ ಒಟ್ಟಿಗೆ ಬದಿ ಬದಲಾಗುತ್ತದೆ. ನಾನು ಮೊದಲ ಹತ್ತು ನಿಮಿಷ ತೋಳಿನ ಬಲದಲ್ಲೇ ಎಳೆದು ಸುಸ್ತಾದೆ. ಹಿಂದಿದ್ದ ಅಂಕಲ್, "ತೋಳು ಬೇಡ, ಬೆನ್ನು. ನೀರು ನೋಡಬೇಡ, ಮುಂದಿನವರ ಭುಜ ನೋಡು" ಅಂದರು. ಅದೊಂದು ಮಾತಿನಿಂದ ಎಲ್ಲ ಬದಲಾಯಿತು. ಮುಂದಿನವರ ಭುಜ ಬಾಗಿದಾಗ ನಾನು ಬಾಗಿದೆ, ಎದ್ದಾಗ ಎದ್ದೆ. ಒಂದು ಕ್ಷಣ ಆರು ಹುಟ್ಟೂ ಒಂದೇ ಸದ್ದಿನಲ್ಲಿ ನೀರಿಗಿಳಿದವು. ದೋಣಿ ತಾನಾಗಿಯೇ ಮುಂದಕ್ಕೆ ಜಾರಿತು. ಆ ಜಾರುವಿಕೆಯನ್ನು ಸೊಂಟದಲ್ಲಿ ಅನುಭವಿಸಬೇಕು, ಬರೆದು ತಿಳಿಸಲು ನನಗೆ ಬರುವುದಿಲ್ಲ.

ಒಂದು ಎಚ್ಚರ ಹೇಳಲೇಬೇಕು. ಬಲಗಡೆ ನೀರಲ್ಲಿ ಕಡಲಾಮೆಯ ತಲೆ ಕಾಣಿಸಿತು ಅಂತ ನಾನು ಆ ಕಡೆ ಬಾಗಿದೆ. ತಕ್ಷಣ ಎಡಗಡೆಯ ಅಮ ನೀರಿನಿಂದ ಮೇಲೆದ್ದಿತು. ಹಿಂದಿನಿಂದ ಕೂಗು ಬಂತು, ಮೂರು ಜನ ಅಡ್ಡಕೋಲಿನ ಮೇಲೆ ಭಾರ ಬಿಟ್ಟರು, ದೋಣಿ ಉಳಿಯಿತು. ದೋಣಿ ಮಗುಚುವುದಕ್ಕೆ ಅವರ ಮಾತಿನಲ್ಲಿ 'ಹುಲಿ' ಅನ್ನುತ್ತಾರೆ. ನಮ್ಮ ಹುಲಿಗೂ ಇದಕ್ಕೂ ಸಂಬಂಧವಿಲ್ಲ, ಆದರೆ ಕನ್ನಡದವರಿಗೆ ಮರೆಯುವುದಂತೂ ಸಾಧ್ಯವಿಲ್ಲ ಅಲ್ವಾ? ಯಾವಾಗಲೂ ಎಡಕ್ಕೇ ಮೈ ವಾಲಿರಲಿ. ಫೋನ್ ದಡದಲ್ಲೇ ಇರಲಿ.

ಈಗ ಮುಖ್ಯವಾದ ಮಾತು. ಒಂದೂವರೆ ಗಂಟೆ ಆದ ಮೇಲೆ ದಡ ಸೇರಿದೆವು. ನಮ್ಮ ಜೊತೆ ಬಂದಿದ್ದ ಇನ್ನೊಂದು ಪ್ರವಾಸಿ ಕುಟುಂಬ ಫೋಟೋ ತೆಗೆದುಕೊಂಡು ಕಾರು ಹತ್ತಿತು. ಅವರದು ತಪ್ಪು ಅನ್ನುವುದಿಲ್ಲ, ಅವರಿಗೆ ಯಾರೂ ಹೇಳಿರಲಿಲ್ಲ. ಆದರೆ ನಿಜವಾದ ಬೆಳಗು ಶುರುವಾದದ್ದೇ ಅಲ್ಲಿಂದ. ದೋಣಿಯನ್ನು ಎಲ್ಲರೂ ಸೇರಿ ಎತ್ತಿ ಮರಳಿನ ಮೇಲೆ ತರಬೇಕು. ಸಿಹಿನೀರಿನಲ್ಲಿ ತೊಳೆಯಬೇಕು. ಒಳಗೆ ಕೂತ ಮರಳನ್ನು ಬಟ್ಟೆಯಿಂದ ಒರೆಸಿ ತೆಗೆಯಬೇಕು. ಹುಟ್ಟುಗಳನ್ನು ಎಣಿಸಿ ಇಡಬೇಕು. ದೋಣಿಗೆ ಹೊದಿಕೆ ಬಿದ್ದ ಮೇಲೆಯೇ ಜನ ಕೂತು ನೀರು ಕುಡಿದದ್ದು. ಯಾರೂ ಯಾರಿಗೂ ಕೆಲಸ ಹೇಳಲಿಲ್ಲ. ಎಪ್ಪತ್ತು ದಾಟಿದ ಆಂಟಿ ಪೈಪ್ ಹಿಡಿದಿದ್ದರು, ಶಾಲೆಗೆ ಹೋಗುವ ಹುಡುಗ ಒರೆಸುತ್ತಿದ್ದ. ನಾವು ಕೈಜೋಡಿಸಿದ ಮೇಲೆ ಮಾತು ಬೆಳೆಯಿತು. ಅವತ್ತು ದಡದಲ್ಲೇ ಉಳಿದಿದ್ದ ಅಮ್ಮ ರಂಪಣಿ ಬಲೆಯ ಕಥೆ ಶುರು ಮಾಡಿದಳು. ಊರಿಗೆ ಊರೇ ದಡದಲ್ಲಿ ನಿಂತು ಬಲೆಯ ಎರಡು ತುದಿ ಎಳೆಯುತ್ತಿದ್ದದ್ದು, ಎಳೆದವರಿಗೆಲ್ಲ ಮೀನಿನ ಪಾಲು ಸಿಗುತ್ತಿದ್ದದ್ದು. ನಾನು ಅನುವಾದ ಮಾಡಿ ಮಾಡಿ ಸಾಕಾದೆ. ಆ ಆಂಟಿ ಒಂದೇ ಮಾತು ಕೇಳಿದರು: "ಹಾಗಾದರೆ ನಾಡಿದ್ದು ಅವರೂ ದೋಣಿಗೆ ಬರ್ತಾರಾ?"

ಅರ್ಧ ಗಂಟೆ ಮೊದಲೇ ಹೋಗಿ ಅಂದದ್ದು ಇದಕ್ಕೇ. ಮೊದಲು ಹೋದರೆ ದೋಣಿ ಹೊರಲು ಸಿಗುತ್ತದೆ. ಕೊನೆಯವರೆಗೆ ಉಳಿದರೆ ತೊಳೆಯಲು ಸಿಗುತ್ತದೆ. ಮಹಾಲೊ ಅನ್ನುವುದನ್ನು ಅಲ್ಲಿನವರು ಹೆಚ್ಚಾಗಿ ಕೈಯಲ್ಲೇ ಹೇಳುತ್ತಾರೆ. ನಾವೂ ಹಾಗೇ ಹೇಳಬೇಕು.

ನಾಡಿದ್ದು ಅಮ್ಮ ಬಂದಳು. ವಯಸ್ಸು 64, ಈಜು ಹೊಳೆಯಲ್ಲೇ ಕಲಿತದ್ದು. ನಾಲ್ಕನೇ ಸೀಟು. ನಾನು ಹಿಂದೆ ಐದರಲ್ಲಿ ಕೂತು ಅವಳ ಭುಜವನ್ನೇ ನೋಡುತ್ತಾ ಹುಟ್ಟು ಹಾಕಿದೆ. ಸೂರ್ಯ ಅಲ್ಲಿ ಹಾಲೆಯಾಕಲಾ ಬೆಟ್ಟದ ಹಿಂದಿನಿಂದ ಬರುತ್ತಾನೆ. ಬೆಟ್ಟ 3,055 ಮೀಟರ್ ಎತ್ತರ, ಹಾಗಾಗಿ ಬೆಳಕಾದರೂ ಬಿಸಿಲು ತಡ. ಬಿಸಿಲು ಮೊದಲು ಬಿದ್ದದ್ದು ದೂರದ ನೀರಿನ ಮೇಲೆ. ಆಮೇಲೆ ಅಮ್ಮನ ಬೆನ್ನಿನ ಮೇಲೆ.

ಕೀಹೇಯಲ್ಲೇ ಕಲೆಪೊಲೆಪೊ ಅನ್ನುವ ಪಾರ್ಕಿನಲ್ಲಿ ಕೋಇಎಇಎ ಅನ್ನುವ ಹಳೇ ಮೀನುಕೊಳ ಇದೆ, ತಪ್ಪದೇ ನೋಡಿ. ಸಮುದ್ರದೊಳಗೇ ಕಲ್ಲಿನ ಗೋಡೆ ಅರ್ಧಚಂದ್ರದ ಹಾಗೆ. ಹವಾಯಿಯ ಇಂಥ ಕೊಳಗಳ ಗೋಡೆಯಲ್ಲಿ ಜಾಲರಿಯ ಬಾಗಿಲು ಇಡುತ್ತಾರೆ. ಸಣ್ಣ ಮೀನು ಒಳಗೆ ಬರುತ್ತದೆ, ತಿಂದು ದಪ್ಪ ಆದ ಮೇಲೆ ಹೊರಗೆ ಹೋಗಲಾರದು. ಬಿದ್ದ ಗೋಡೆಯನ್ನು ಊರಿನವರು ವರ್ಷಗಟ್ಟಲೆ ಕಲ್ಲು ಹೊತ್ತು ಮತ್ತೆ ಎಬ್ಬಿಸಿದ್ದಾರೆ. ಅಮ್ಮನಿಗೆ ಅಘನಾಶಿನಿಯ ಗಜನಿ ಗದ್ದೆಗಳ, ಅಂದರೆ ಉಪ್ಪುನೀರು ನುಗ್ಗುವ ಗದ್ದೆಗಳ, ತೂಬು ನೆನಪಾಯಿತು.

ಊಟದ ವಿಷಯ. ಸಸ್ಯಾಹಾರಿಗಳು 'ಲಾವ್‌ಲಾವ್' ನೋಡಿ ಪತ್ರೊಡೆ ಅಂದುಕೊಳ್ಳಬೇಡಿ, ಕೆಸುವಿನ ಎಲೆಯೊಳಗೆ ಹಂದಿಮಾಂಸ ಇರುತ್ತದೆ. ಕೆಸುವಿಗೆ ಅಲ್ಲಿ 'ಕಲೊ' ಅನ್ನುತ್ತಾರೆ. ಗಡ್ಡೆ ಬೇಯಿಸಿ ಅರೆದು ಮಾಡುವ 'ಪೊಯಿ' ತಿನ್ನಬಹುದು, ಮೊದಲ ತುತ್ತು ಸಪ್ಪೆ, ಮೂರನೆಯದಕ್ಕೆ ಹಿಡಿಸುತ್ತದೆ. ಅವರ ಪುರಾಣದಲ್ಲಿ ಮೊದಲು ಹುಟ್ಟಿದ್ದು ಕೆಸು, ಆಮೇಲೆ ಮನುಷ್ಯ. ಹಾಗಾಗಿ ಕೆಸು ಅಣ್ಣ. ಅಣ್ಣ ಅನ್ನ ಹಾಕುತ್ತಾನೆ, ತಮ್ಮ ಅವನನ್ನು ನೋಡಿಕೊಳ್ಳಬೇಕು. ಇದು ಕೇಳಿದ ಮೇಲೆ ಅಮ್ಮ ತಟ್ಟೆಯಲ್ಲಿ ಒಂದಗುಳೂ ಬಿಡಲಿಲ್ಲ.

ಸನ್‌ಸ್ಕ್ರೀನ್ ಊರಿಂದ ತರುವವರು ಡಬ್ಬಿ ಓದಿ. ಮಾವಿಯಲ್ಲಿ 2022ರ ಅಕ್ಟೋಬರ್‌ನಿಂದ ಖನಿಜದ ಸನ್‌ಸ್ಕ್ರೀನ್ ಮಾತ್ರ ಬಳಸಬೇಕು, ಅಂದರೆ ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವುದು. ಬೇರೆಯದು ಹವಳಕ್ಕೆ ಕೆಟ್ಟದ್ದು. ಹುಟ್ಟು ಹಾಕಿ ಹಾಕಿ ಹೆಬ್ಬೆರಳಿನ ಬುಡದಲ್ಲಿ ಬೊಬ್ಬೆ ಏಳುತ್ತದೆ, ಹಿಂದಿನ ರಾತ್ರಿಯೇ ಅಲ್ಲಿಗೆ ಟೇಪ್ ಸುತ್ತಿ ಅಭ್ಯಾಸ ಮಾಡಿಕೊಳ್ಳಿ. ತಿಮಿಂಗಿಲ ನೋಡಬೇಕಾದರೆ ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ ಹೋಗಿ. ದೋಣಿ ಸ್ಪರ್ಧೆ ನೋಡಬೇಕಾದರೆ ಜೂನ್, ಜುಲೈ. ಈ ಆಟ 1986ರಿಂದ ಹವಾಯಿ ರಾಜ್ಯದ ಅಧಿಕೃತ ತಂಡ ಕ್ರೀಡೆ, ಶಾಲೆ ಮಕ್ಕಳಿಂದ ಅಜ್ಜ ಅಜ್ಜಿಯವರೆಗೆ ಒಂದೇ ದಿನ ಒಂದೇ ದಡದಲ್ಲಿ ಸ್ಪರ್ಧಿಸುತ್ತಾರೆ. ಮೊಲೊಕಾಯಿ ದ್ವೀಪದಿಂದ ಒಅಹುವಿಗೆ ಸಮುದ್ರ ದಾಟುವ ದೊಡ್ಡ ಸ್ಪರ್ಧೆ 1952ರಲ್ಲಿ ಶುರುವಾಯಿತು. ಹೆಂಗಸರ ಸ್ಪರ್ಧೆಗೆ 1979ರವರೆಗೆ ಕಾಯಬೇಕಾಯಿತು.

ಲಹೈನಾ ಊರಿಗೆ ಹೋಗುವವರಲ್ಲಿ ಒಂದು ಬೇಡಿಕೆ. 2023ರ ಆಗಸ್ಟ್ 8ರ ಬೆಂಕಿಯಲ್ಲಿ ಅಲ್ಲಿ 100ಕ್ಕೂ ಹೆಚ್ಚು ಜನ ತೀರಿಕೊಂಡರು. ಸುಟ್ಟುಹೋದ ಜಾಗಗಳ ಫೋಟೋ ತೆಗೆಯಬೇಡಿ. ದೋಣಿ ಎತ್ತುವಾಗ ನಿಮ್ಮ ಪಕ್ಕ ಇರುವವರು ಅಲ್ಲಿಯವರೇ ಇರಬಹುದು. ತಾವಾಗಿ ಹೇಳಿದರೆ ಕೇಳಿ, ನೀವಾಗಿ ಕೆದಕಬೇಡಿ.

ಕೊನೆಯ ದಿನ ಆ ಆಂಟಿ ಮನೆ ಮರದ ಎರಡು ಪಪ್ಪಾಯಿ ಕೊಟ್ಟರು. ಹವಾಯಿಯಿಂದ ಹೊರಡುವ ವಿಮಾನ ನಿಲ್ದಾಣದಲ್ಲಿ ಕೃಷಿ ಇಲಾಖೆಯವರು ಪ್ರತಿ ಬ್ಯಾಗೂ ತಪಾಸಣೆ ಮಾಡುತ್ತಾರೆ. ಮನೆಯಲ್ಲಿ ಬೆಳೆದ ಹಣ್ಣು ಒಯ್ಯಲು ಬಿಡುವುದಿಲ್ಲ, ಇದು ನಿಮಗೂ ನೆನಪಿರಲಿ. ಕಹುಲುಯಿ ನಿಲ್ದಾಣದ ಪಾರ್ಕಿಂಗ್‌ನಲ್ಲಿ ಕಾರಿನ ಡಿಕ್ಕಿ ತೆರೆದು ಮೂವರೂ ಪಪ್ಪಾಯಿ ಹೆಚ್ಚಿ ತಿಂದೆವು. ಅಮ್ಮ ಬೀಜಗಳನ್ನು ಪೇಪರ್‌ನಲ್ಲಿ ಕಟ್ಟಿ ಚೀಲಕ್ಕೆ ಹಾಕಿಕೊಳ್ಳಲು ಹೋದಳು. ಬೀಜಕ್ಕೂ ಬಿಡಲ್ಲಮ್ಮ ಅಂದೆ. ಪೊಟ್ಟಣವನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದಳು, ಆಮೇಲೆ ಬೇಲಿ ಪಕ್ಕದ ಕೆಂಪು ಮಣ್ಣಿನಲ್ಲಿ ಕಾಲಿನಿಂದ ಒಂದು ಗುಳಿ ಮಾಡಿ ಹಾಕಿ, ಬಾಟಲಿಯಲ್ಲಿ ಉಳಿದಿದ್ದ ನೀರು ಸುರಿದಳು.